ದೊಡ್ಡಪ್ಪನ ಹಲಸಿನ ಮರ ಯಾರ ಲೆಕ್ಕಕ್ಕೂ ಇಲ್ಲವೇ?

ಮೊನ್ನೆ ಮೂಡಿಗೆರೆ ಕಡೆ ನಮ್ಮ ತೋಟಕ್ಕೆ ಹೋಗಿದ್ದೆ. ದೊಡ್ಡಪ್ಪ ಮೊಬೈಲ್ ಎತ್ತಿ ಹಿಡಿದುಕೊಂಡು ಕಾಫಿ ಗಿಡಗಳ ನಡುವೆ ಓಡಾಡುತ್ತಿದ್ದರು. ತೋಟದ ಜಿಪಿಎಸ್ ಗುರುತು ಹಿಡಿಯಬೇಕಿತ್ತು. ಮರದ ನೆರಳು ದಟ್ಟ, ಚುಕ್ಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. "ಈ ಹಲಸು ನಿಮ್ಮಜ್ಜ ನೆಟ್ಟಿದ್ದು ಕಣೇ. ಕಾಡು ಕಡಿದಿಲ್ಲ ಅಂತ ನಾನು ಯಾರಿಗೆ ಸಾಕ್ಷಿ ಹೇಳಬೇಕು?" ಅಂದರು. ಆಗಿನಿಂದ ನನಗೆ ಸಮಾಧಾನ ಇಲ್ಲ.

ವಿಷಯ ಯುರೋಪಿಯನ್ ಒಕ್ಕೂಟದ 2023ರ ಕಾನೂನಿನದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಅಲ್ಲಿಗೆ ಹೋಗುವ ಹಾಗಿಲ್ಲ; ಬೆಳೆದ ತೋಟ ಎಲ್ಲಿದೆ ಅಂತ ಜಿಪಿಎಸ್ ಗುರುತೂ ಕೊಡಬೇಕು. ಎರಡು ಸಲ ಮುಂದೂಡಿ, ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ರಿಂದ ಜಾರಿ. ದೇಶದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದು. ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು.

ಕಾಡು ಉಳಿಯಬೇಕು, ಅದಕ್ಕೆ ಬಿಗಿ ಕಾನೂನು ಬೇಡವಾ ಅಂತ ಗೆಳತಿಯೊಬ್ಬಳು ಕೇಳಿದಳು. ಬೇಕು, ಖಂಡಿತ ಬೇಕು. ಭಾರತವನ್ನು ಕಡಿಮೆ ಅಪಾಯದ ಪಟ್ಟಿಗೆ ಸೇರಿಸಿದ್ದಾರಲ್ಲ ಅಂದಳು. ಹೌದು, ಅದರಿಂದ ತಪಾಸಣೆ ಕಡಿಮೆ. ಆದರೆ ತೋಟದ ಗುರುತು ಕೊಡುವುದು ತಪ್ಪುವುದಿಲ್ಲ. ಹಲಸು, ಅತ್ತಿ, ಬೀಟೆಯ ನೆರಳಲ್ಲಿ ಕಾಫಿ ಬೆಳೆದು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವರಿಗೆ ಆ ನೆರಳಿಗಾಗಿ ಒಂದು ರೂಪಾಯಿಯನ್ನೂ ಈ ಕಾನೂನು ಜಾಸ್ತಿ ಕೊಡಿಸುವುದಿಲ್ಲ. ಕಡಿದರೆ ಬಾಗಿಲು ಹಾಕುತ್ತೀರಿ, ಉಳಿಸಿದರೆ ಏನು ಕೊಡುತ್ತೀರಿ? ನನ್ನ ಸಿಟ್ಟೆಲ್ಲ ಇಲ್ಲೇ.

ದಾರಿ ಇಲ್ಲ ಅಂತಲ್ಲ. ನಾನು ಲಾ ಓದಿದವಳು. 1998ರ ಸೀಗಡಿ-ಆಮೆ ತೀರ್ಪು ನೆನಪಿಸಿಕೊಳ್ಳಿ. ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಕಿಂಡಿ ಇಲ್ಲದಿದ್ದರೆ ಸೀಗಡಿ ಕೊಳ್ಳುವುದಿಲ್ಲ ಅಂತ ಅಮೆರಿಕ ಹಟ ಹಿಡಿದಿತ್ತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಆಮೆ ಉಳಿಸುವ ಉದ್ದೇಶ ಸರಿ, ಜಾರಿ ಮಾಡಿದ ರೀತಿ ತಪ್ಪು ಎಂದಿತು ಮೇಲ್ಮನವಿ ಪೀಠ. ಕೆರಿಬಿಯನ್ ಕಡೆಯ ದೇಶಗಳಿಗೆ ಮೂರು ವರ್ಷ ಸಮಯ, ಜೊತೆಗೆ ತಾಂತ್ರಿಕ ನೆರವು. ನಮ್ಮಂಥವರಿಗೆ ನಾಲ್ಕೇ ತಿಂಗಳು. ಆಮೇಲೆ ಅಮೆರಿಕ ತನ್ನ ನಿಯಮ ತಿದ್ದಿಕೊಂಡಿತು. ಅಂದರೆ ಪರಿಸರದ ಷರತ್ತು ಹಾಕುವವರು ಮೊದಲು ಕೂತು ಮಾತಾಡಬೇಕು, ಸಮಯ ಕೊಡಬೇಕು, ಎಲ್ಲರನ್ನೂ ಒಂದೇ ರೀತಿ ಕಾಣಬೇಕು. ಅದೇ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಸಾಕಷ್ಟು ಸದಸ್ಯರಿಲ್ಲದೆ ನಿಂತುಹೋಗಿದೆ. ಈಗ ದೂರು ಕೊಟ್ಟರೂ ಕೊನೆ ಮಾತು ಹೇಳುವವರಿಲ್ಲ.

ಪರೀಕ್ಷೆಗೆ ಆ ತೀರ್ಪನ್ನು ಬಾಯಿಪಾಠ ಮಾಡಿದ್ದೆ. ದೋಣಿಯಲ್ಲಿ ಬಲೆ ಹಿಡಿದವನ ಮುಖ ಒಂದು ಸಲವೂ ಕಣ್ಣ ಮುಂದೆ ಬಂದಿರಲಿಲ್ಲ. ಈಗ ಬರುತ್ತೆ, ದೊಡ್ಡಪ್ಪನ ಮುಖದ ಜೊತೆಗೇ.

ಇನ್ನೊಂದು ಮಾತು. ಯುರೋಪಿನ ಆ ಕಾನೂನಿನಂತೆ ಬೆಳೆ ಆಯಾ ದೇಶದ ಕಾನೂನಿನ ಪ್ರಕಾರವೇ ಬಂದಿರಬೇಕು, ಜಮೀನಿನ ಹಕ್ಕೂ ಅದರಲ್ಲಿ ಸೇರಿದೆ. ನಮ್ಮ ಎರಡು ಎಕರೆಯ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಸೋಮವಾರ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಲು ದೊಡ್ಡಪ್ಪನ ಜೊತೆ ಹೋಗುತ್ತಿದ್ದೇನೆ. ಇತ್ತೀಚೆಗೆ ಮಾಡಿಸಿದವರು ಯಾರಾದರೂ ಇದ್ದರೆ, ಯಾವ್ಯಾವ ಕಾಗದ ಬೇಕು ಅಂತ ಕೆಳಗೆ ಬರೆಯಿರಿ.