ನಮ್ಮ ಗುಂಪಿಗೆ ಅಧ್ಯಕ್ಷರು ಬೇಡ

ನಮ್ಮ ಓಟದ ಗುಂಪಿಗೆ ಹೆಸರಿಲ್ಲ. ಅಧ್ಯಕ್ಷರಿಲ್ಲ, ಖಜಾಂಚಿ ಇಲ್ಲ, ಖಜಾನೆಯಂತೂ ಇಲ್ಲವೇ ಇಲ್ಲ. ಭಾನುವಾರ ಐವತ್ತು ಕಿಲೋಮೀಟರ್ ಓಡೋಣ್ವಾ ಅಂತ ಯಾರೋ ಕೇಳುತ್ತಾರೆ, ನಾಲ್ಕೈದು ಜನ ಬರುತ್ತಾರೆ, ಅಷ್ಟೇ. ಈಗ ಕೆಲವರಿಗೆ ಇದನ್ನು ಸಂಘ ಅಂತ ನೋಂದಾಯಿಸುವ ಆಸೆ. ಟೀ ಶರ್ಟ್ ಬೇಕಂತೆ, ಸದಸ್ಯತ್ವದ ಶುಲ್ಕ ಬೇಕಂತೆ. ನನಗೆ ಸುತರಾಂ ಒಪ್ಪಿಗೆ ಇಲ್ಲ.

ಮ್ಯಾರಥಾನಿನ 42.195 ಕಿ.ಮೀ. ಸಾಲದು ಅನ್ನುವವರ ಆಟ ಅಲ್ಟ್ರಾ. ಅದು ಬೆಳೆದದ್ದೇ ಯಾರ ಅಪ್ಪಣೆಗೂ ಕಾಯದ ಹುಚ್ಚರಿಂದ. ಕ್ಯಾಲಿಫೋರ್ನಿಯಾದಲ್ಲಿ ಟೆವಿಸ್ ಕಪ್ ಅಂತ ನೂರು ಮೈಲಿಯ ಕುದುರೆ ಸವಾರಿ ಇದೆ. 1973ರಲ್ಲಿ ಗೋರ್ಡಿ ಐನ್ಸ್‌ಲೀ ಎಂಬಾತನ ಕುದುರೆ ದಾರಿಯಲ್ಲೇ ಕುಂಟಿತು. ಮರುವರ್ಷ ಮಹಾರಾಯ ಕುದುರೆಯನ್ನೇ ಬಿಟ್ಟು ಬಂದ, ಕಾಲ್ನಡೆಯಲ್ಲೇ ಓಡಿದ. ಸವಾರರಿಗಿದ್ದ ಗಡುವು 24 ಗಂಟೆ. ಈತ ಮುಟ್ಟಿದ್ದು 23 ಗಂಟೆ 42 ನಿಮಿಷಕ್ಕೆ! 1977ರಲ್ಲಿ ಅದೇ ಹಾದಿಯಲ್ಲಿ 14 ಜನ ಓಡಿದರು, ಮುಗಿಸಿದ್ದು ಮೂವರು. ಅದೇ ಇಂದಿನ ವೆಸ್ಟರ್ನ್ ಸ್ಟೇಟ್ಸ್ ಎಂಬ ನೂರು ಮೈಲಿ ಓಟ. ಈಗ ಅಲ್ಲಿ ಓಡಬೇಕಾದರೆ ಲಾಟರಿ ಹೊಡೆಯಬೇಕು.

ನನಗೆ ಹೆಚ್ಚು ಇಷ್ಟ ಜೋ ಓಕ್ಸ್ ಎಂಬಾತನ ಉಪಾಯ. 1970ರ ದಶಕದ ಕೊನೆಯಲ್ಲಿ ಈತ ಹಬ್ಬದ ರಜೆಯ ಬೊಜ್ಜು ಇಳಿಸೋಕೆ ಅಂತ 50 ಮೈಲಿ ಓಟ ಇಟ್ಟ. ಹೆಸರು ಫ್ಯಾಟ್ ಆಸ್. ಅರ್ಥ ಬಿಡಿಸಿ ಹೇಳಲಾರೆ! ಶುಲ್ಕ ಇಲ್ಲ, ನೆರವು ಇಲ್ಲ, ಬಹುಮಾನ ಇಲ್ಲ, ಗೊಣಗುವ ಹಾಗೂ ಇಲ್ಲ. ಇಷ್ಟೇ ಕಾನೂನು. ಆ ಹೆಸರಿನ ಓಟಗಳು ಎಷ್ಟೋ ದೇಶಗಳಿಗೆ ಹಬ್ಬಿದವು.

ಸಮಿತಿ ಇದ್ದರೆ ಶಿಸ್ತು ಬರುತ್ತದೆ ಅನ್ನುವವರು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಎಂಬ ಅಲ್ಟ್ರಾ ಓಟದ ಕಥೆ ಕೇಳಬೇಕು. ಅದು ಶುರುವಾದದ್ದು 1921ರಲ್ಲಿ. ಎರಡೇ ವರ್ಷಕ್ಕೆ ಫ್ರಾನ್ಸಿಸ್ ಹೇವರ್ಡ್ ಎಂಬಾಕೆ ಹೆಸರು ಕೊಟ್ಟರು. ಹೆಂಗಸು ಅಂತ ಅರ್ಜಿ ವಾಪಸ್. ಆಕೆ ಸುಮ್ನೆ ಹೋಗಿ ಓಡಿ, 11 ಗಂಟೆ 35 ನಿಮಿಷಕ್ಕೆ ಮುಗಿಸಿದರು. ಪದಕ ಸಿಗಲಿಲ್ಲ. ಜೊತೆಗೆ ಓಡಿದವರು, ನೋಡಲು ಬಂದವರು ಸೇರಿ ಬೆಳ್ಳಿಯ ಟೀ ಸೆಟ್ ಕೊಟ್ಟರು. ಹೆಂಗಸರಿಗೂ ಕಪ್ಪು ಜನರಿಗೂ ಆ ಓಟದ ಬಾಗಿಲು ತೆರೆದದ್ದು 1975ರಲ್ಲಿ.

ಹಾಗಂತ ನಮ್ಮಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಒಮ್ಮೆ ರಾತ್ರಿ ಓಟದಲ್ಲಿ ಒಬ್ಬರು ದಾರಿ ತಪ್ಪಿದರು. ತಲೆ ಎಣಿಸಿದವರೇ ಇಲ್ಲ! ಬೆಳಗಾಗುವಷ್ಟರಲ್ಲಿ ಸಿಕ್ಕರು, ಪುಣ್ಯ. ಅವತ್ತಿನಿಂದ ಹೆಸರು, ಮನೆಯವರ ಫೋನ್ ನಂಬರ್ ಬರೆದಿಡುವ ಒಂದು ಪುಸ್ತಕ ಇಟ್ಟಿದ್ದೇವೆ. ಆ ಪುಸ್ತಕಕ್ಕೆ ನನ್ನ ತಕರಾರಿಲ್ಲ. ಟೀ ಶರ್ಟ್ ಬೇಕಾದವರು ಅವರವರ ದುಡ್ಡಲ್ಲಿ ಹೊಲಿಸಿಕೊಳ್ಳಲಿ.