ಖಾಲಿ ಲಕೋಟೆಯ ದೊಡ್ಡಜ್ಜ

ನಮ್ಮ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, ದೊಡ್ಡ ಸಂಶೋಧಕರಾಗಿದ್ದರು ಎಂಬುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದೆ ಒಪ್ಪಿಕೊಂಡು ಬಂದಿರುವ ಸಂಗತಿ. ಯಾವುದರ ಬಗ್ಗೆ ಸಂಶೋಧನೆ ಮಾಡಿದ್ದರು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಅಪ್ಪ ನಕ್ಷತ್ರಗಳು ಎನ್ನುತ್ತಿದ್ದರು, ಚಿಕ್ಕಪ್ಪ ಗಿಡಮೂಲಿಕೆ ಎನ್ನುತ್ತಾರೆ, ಅತ್ತೆಯಂತೂ "ಸಂಶೋಧನೆ ಅಂದಮೇಲೆ ಸಂಶೋಧನೆ, ಅದರಲ್ಲಿ ಇಂಥದ್ದು ಅಂತ ಬೇರೆ ಇರುತ್ತದೆಯೇನೋ?" ಎಂದು ನನ್ನನ್ನೇ ಗದರಿಸಿದರು. ದೊಡ್ಡಜ್ಜನಿಗೆ ವಾರಕ್ಕೊಂದಾದರೂ ಮುದ್ರೆಯೊತ್ತಿದ ಲಕೋಟೆ ಬರುತ್ತಿತ್ತಂತೆ, ಅಂಚೆಯವನು ಬಾಗಿಲಲ್ಲಿ ನಿಂತು "ಡಾಕ್ಟರೇ" ಎಂದೇ ಕೂಗುತ್ತಿದ್ದನಂತೆ. ಆ ಲಕೋಟೆಗಳ ಪೈಕಿ ಇಂದಿಗೆ ಉಳಿದಿರುವುದು ಒಂದೇ ಒಂದು. ಅದರ ಮೇಲೆ ದೊಡ್ಡಜ್ಜನ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ ನಮ್ಮ ಅಡ್ಡಹೆಸರು, ಎಡಮೂಲೆಯಲ್ಲಿ ಒಂದು ಸಂಶೋಧನಾ ವಿಭಾಗದ ಮುದ್ರೆ. ಒಳಗೆ ಏನೂ ಇಲ್ಲ.

ನಿವೃತ್ತಿಯಾದ ಮೇಲೆ ಬಿಡುವು ಎಂಬ ಅಪಾಯಕಾರಿ ವಸ್ತು ಕೈಗೆ ಸಿಕ್ಕಿದ್ದರಿಂದ, ಈ ದೊಡ್ಡಜ್ಜನ ಪ್ರಬಂಧಗಳನ್ನು ಹುಡುಕಿ ತೆಗೆದು ಮನೆಯವರ ಮುಂದಿಡುತ್ತೇನೆ ಎಂದು ನಾನು ಪಣ ತೊಟ್ಟೆ. ನಮ್ಮ ಅಡ್ಡಹೆಸರು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದೇ ಹೆಸರನ್ನು ಹುಡುಕುವವರಿಗೆ ಈ ಲೇಖನವೂ ಒಂದು ಫಲಿತಾಂಶವಾಗಿ ಎದುರಾಗಿ, ಅವರ ಒಂದು ಸಂಜೆ ನನ್ನಿಂದಾಗಿ ಹಾಳಾದೀತು. ಅದು ಅಪರೂಪದ ಹೆಸರು ಎಂದು ಅರವತ್ತು ವರ್ಷ ನಂಬಿಕೊಂಡು ಬಂದಿದ್ದೆ ಎಂದಷ್ಟೇ ಹೇಳಬಲ್ಲೆ. ಆ ನಂಬಿಕೆಗೆ ಹುಡುಕುಯಂತ್ರದ ಮೊದಲ ಪುಟ ತೆರೆದುಕೊಳ್ಳುವಷ್ಟು ಹೊತ್ತಿನ ಆಯುಸ್ಸು ಮಾತ್ರ ಉಳಿದಿತ್ತು.

ಒಂದೇ ಅಡ್ಡಹೆಸರು, ಒಂದೇ ಇನಿಷಿಯಲ್ಲು. ದಂತವೈದ್ಯರೊಬ್ಬರು, ಸೇತುವೆಗಳ ಕಂಪನ ಅಳೆಯುವವರೊಬ್ಬರು, ಬಸವನಹುಳುವಿನ ಜೀರ್ಣಕ್ರಿಯೆಯ ಬಗ್ಗೆ ಬಿಟ್ಟೂಬಿಡದೆ ಬರೆದವರೊಬ್ಬರು, ಎಲ್ಲರೂ ಒಂದೇ ಹೆಸರಿನ ಕೊಡೆಯಡಿ ನಿಂತಿದ್ದರು. ಇದು ಯಂತ್ರದ ತಪ್ಪಲ್ಲ. ಸಂಶೋಧನಾ ಲೇಖನಗಳ ಪಟ್ಟಿಗಳಲ್ಲಿ ಬಹುಕಾಲ ಮನುಷ್ಯನೆಂದರೆ ಒಂದು ಅಡ್ಡಹೆಸರು ಮತ್ತು ಒಂದೆರಡು ಅಕ್ಷರ, ಅಷ್ಟೇ. ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಮಹಾಕೋಶದಲ್ಲಿ ಲೇಖಕರ ಪೂರ್ಣ ಹೆಸರು ಸೇರತೊಡಗಿದ್ದೇ 2002ರಿಂದ ಈಚೆಗೆ. 1984ರಿಂದ 1995ರವರೆಗಂತೂ ಒಂದು ಲೇಖನಕ್ಕೆ ಹತ್ತು ಹೆಸರಿಗಿಂತ ಹೆಚ್ಚು ದಾಖಲಿಸುತ್ತಲೇ ಇರಲಿಲ್ಲ. ಹನ್ನೊಂದನೆಯವನು ಎಷ್ಟೇ ಬೆವರು ಸುರಿಸಿದ್ದರೂ "ಮತ್ತಿತರರು" ಎಂಬ ಗುಂಪಿನಲ್ಲಿ ಕರಗಿಹೋಗಬೇಕಿತ್ತು. ಸಿ. ಆರ್. ರಾವ್ ಮತ್ತು ಸಿ. ಎನ್. ಆರ್. ರಾವ್ ಅವರನ್ನೇ ನೋಡಿ. ಒಬ್ಬರು 1945ರಲ್ಲೇ ಸಂಖ್ಯಾಶಾಸ್ತ್ರದಲ್ಲಿ ಕ್ರಾಮರ್-ರಾವ್ ಮಿತಿಗೆ ಕಾರಣವಾದ ಲೇಖನ ಬರೆದವರು, ಇನ್ನೊಬ್ಬರು ಘನಸ್ಥಿತಿ ರಸಾಯನಶಾಸ್ತ್ರದ ದಿಗ್ಗಜರು. ಇಬ್ಬರ ನಡುವೆ ಕಾವಲು ನಿಂತಿರುವುದು ಒಂದು "ಎನ್". ಆ ಒಂದಕ್ಷರ ಯಾವನೋ ಗುಮಾಸ್ತನ ಬೆರಳಿಗೆ ತಪ್ಪಿತೆಂದರೆ ಸಂಖ್ಯಾಶಾಸ್ತ್ರವೂ ರಸಾಯನಶಾಸ್ತ್ರವೂ ಒಂದೇ ತಲೆಯ ಮೇಲೆ ಬಂದು ಕೂರುತ್ತವೆ. ಅಂಥವರ ಪಾಡೇ ಹೀಗಿರುವಾಗ ನಮ್ಮ ದೊಡ್ಡಜ್ಜ ಯಾವ ಲೆಕ್ಕ?

ಕಾಗುಣಿತ ಬದಲಾಗಿರಬಹುದು, ಉಚ್ಚಾರಣೆ ಹಿಡಿದು ಹುಡುಕಿ ಎಂದು ಮಿತ್ರರೊಬ್ಬರು ಸಲಹೆ ಕೊಟ್ಟರು. ಅದಕ್ಕೆಂದೇ ಸೌಂಡೆಕ್ಸ್ ಎಂಬ ಪದ್ಧತಿಯೊಂದಿದೆ. ರಾಬರ್ಟ್ ರಸೆಲ್ ಎಂಬಾತ 1918ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅಲ್ಲಿನ ಜನಗಣತಿಯ ಸೂಚಿಗಳಿಗೂ ಅದನ್ನೇ ಬಳಸಿದರು. ಹೆಸರಿನ ಮೊದಲಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನೆಲ್ಲ ಕಿತ್ತೆಸೆದು, ಉಳಿದ ವ್ಯಂಜನಗಳಿಗೆ ಮೂರು ಅಂಕಿ ಕೊಡುವುದು ಅದರ ಕ್ರಮ. ರಾಬರ್ಟನೂ ರೂಪರ್ಟನೂ ಆಗ ಆರ್-163 ಎಂಬ ಒಂದೇ ಗೂಡಿಗೆ ಬರುತ್ತಾರೆ. ಕನ್ನಡಿಗನಿಗೆ ಈ ಪದ್ಧತಿ ಕೊಡುವ ಯಾತನೆಯನ್ನು ರಸೆಲ್ ಊಹಿಸಿರಲಾರ. ನಮ್ಮ ಹೆಸರುಗಳಿಂದ ಸ್ವರ ತೆಗೆಯುವುದೆಂದರೆ ಕಟ್ಟಡದಿಂದ ಗಾರೆ ತೆಗೆದಂತೆ. ಪ್ರಯೋಗಕ್ಕೆಂದು ರಾವ್ ಎಂದು ಇಂಗ್ಲಿಷಿನಲ್ಲಿ (Rao) ಹಾಕಿ ನೋಡಿದೆ: ಆರ್-000. ರಾಯ್ ಎಂದು ಹಾಕಿದೆ, ರೇ ಎಂದು ಹಾಕಿದೆ, ಅದೇ ಮೂರು ಸೊನ್ನೆ. ಜೀವಮಾನವಿಡೀ ದುಡಿದು ಸಂಪಾದಿಸಿದ ಹೆಸರಿಗೆ ಮೂರು ಸೊನ್ನೆ ಬರುವುದನ್ನು ಕಂಡ ಮೇಲೆ ನಮ್ಮ ಅಡ್ಡಹೆಸರನ್ನು ಅದರ ಬಾಯಿಗೆ ಕೊಡಲು ಮನಸ್ಸು ಬರಲಿಲ್ಲ.

ಇಷ್ಟರಲ್ಲಿ ನನಗೆ ಇನ್ನೊಂದು ಚಟ ಅಂಟಿಕೊಂಡಿತ್ತು. ಹುಡುಕಾಟದಲ್ಲಿ ಸಿಕ್ಕವರನ್ನೆಲ್ಲ ಒಂದು ದೊಡ್ಡ ಹಾಳೆಯ ಮೇಲೆ ಬರೆದು, ಗೆರೆ ಎಳೆದು, ವಂಶವೃಕ್ಷ ಕಟ್ಟತೊಡಗಿದೆ. ಸೇತುವೆಯವರು ದಂತವೈದ್ಯರ ತಮ್ಮನಾಗಿರಬೇಕು, ಏಕೆಂದರೆ ಇಬ್ಬರೂ ಬಿರುಕುಗಳ ಬಗ್ಗೆ ಬರೆದಿದ್ದಾರೆ ಎಂಬ ಧಾಟಿಯ ತರ್ಕ ಅದು. ವಿದ್ಯೆ ರಕ್ತದಲ್ಲಿ ಹರಿಯುತ್ತದೆ ಎಂಬುದಕ್ಕೆ ತಲೆಮಾರುಗಟ್ಟಲೆ ಗಣಿತಜ್ಞರನ್ನು ಕೊಟ್ಟ ಸ್ವಿಟ್ಜರ್ಲೆಂಡಿನ ಬರ್ನೂಲಿ ಮನೆತನಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಮನೆತನವನ್ನು ಹತ್ತಿರದಿಂದ ನೋಡಿದಾಗ ಧೈರ್ಯ ಕುಸಿಯಿತು. ಅಲ್ಲಿ ಯಾಕೋಬ್, ಯೋಹಾನ್, ನಿಕೊಲಾಸ್ ಎಂಬ ಹೆಸರುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ತಿರುಗಿಸಿ ತಿರುಗಿಸಿ ಇಟ್ಟಿದ್ದರಿಂದ, ಇತಿಹಾಸಕಾರರು ರಾಜರಿಗೆ ಹಾಕುವಂತೆ ಒಂದನೆಯ, ಎರಡನೆಯ ಎಂದು ಅಂಕಿ ಹಾಕಬೇಕಾಯಿತು. ದಾಖಲೆಯ ಮೇಲಿನ ಇಸವಿಯನ್ನಾದರೂ ನಂಬೋಣವೆಂದರೆ ಅದಕ್ಕೂ ಅವರು ಕಲ್ಲು ಹಾಕಿದ್ದಾರೆ. ಮಗ ಡೇನಿಯಲ್ 1738ರಲ್ಲಿ ದ್ರವಗಳ ಚಲನೆಯ ಮೇಲೆ ಗ್ರಂಥ ಪ್ರಕಟಿಸಿದರೆ, ಅಪ್ಪ ಯೋಹಾನ್ ಅದೇ ವಿಷಯದ ತನ್ನ ಗ್ರಂಥವನ್ನು ಆಮೇಲೆ ಹೊರತಂದು, ಅದರ ಮೇಲೆ 1732 ಎಂದು ಹಾಕಿಕೊಂಡ. ಮಗನಿಗಿಂತ ತಾನೇ ಮೊದಲೆಂದು ತೋರಿಸಬೇಕಿತ್ತಲ್ಲ! ಅಡ್ಡಹೆಸರು ಒಂದೇ, ಮನೆ ಒಂದೇ, ವಿಷಯ ಒಂದೇ, ಇಸವಿ ಸುಳ್ಳು. ಇದನ್ನು ಓದಿದ ರಾತ್ರಿ ನನ್ನ ಹಾಳೆಯ ಗೆರೆಗಳೆಲ್ಲ ಹುಳುಗಳಂತೆ ಕಾಣತೊಡಗಿದವು.

ಬರ್ನೂಲಿಗಳು ಅಲುಗಾಡಿಸಿದ ಆ ವೃಕ್ಷವನ್ನು ಬುಡಸಮೇತ ಕೆಡವಿದವರು ಗುಡ್‌ಮನ್‌ಗಳು. ಗುಡ್‌ಮನ್ ಎಂಬ ಅಡ್ಡಹೆಸರಿನ ನಾಲ್ವರು ಅರ್ಥಶಾಸ್ತ್ರಜ್ಞರು ಸೇರಿ 2015ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರ ವಿಷಯವೇ ಒಂದೇ ಅಡ್ಡಹೆಸರಿನವರು ಒಟ್ಟಾಗಿ ಲೇಖನ ಬರೆಯುವುದು, ಅದರ ಹೆಗ್ಗಳಿಕೆಯೇ ಆ ನಾಲ್ವರಿಗೆ ರಕ್ತದಿಂದಾಗಲಿ ಮದುವೆಯಿಂದಾಗಲಿ ಯಾವ ಸಂಬಂಧವೂ ಇಲ್ಲದಿರುವುದು. ಒಂದೇ ಲೇಖನದಲ್ಲಿ ಸಾಲಾಗಿ ಕೂತವರೇ ಅಣ್ಣತಮ್ಮಂದಿರಲ್ಲವೆಂದ ಮೇಲೆ ನನ್ನ ದಂತವೈದ್ಯರಿಗೂ ಸೇತುವೆಯವರಿಗೂ ನಾನು ಮಾಡಿಸಿದ್ದ ಸಂಬಂಧ ಊರ್ಜಿತವಾಗುವುದುಂಟೇ? ಈಗಿನವರಿಗಾದರೆ 2012ರಿಂದ ಆರ್ಕಿಡ್ ಎಂಬ ಹದಿನಾರು ಸ್ಥಾನಗಳ ಗುರುತುಸಂಖ್ಯೆ ಇದೆ. ನಮ್ಮ ದೊಡ್ಡಜ್ಜನಂತೂ ಸಂಖ್ಯೆಗಾಗಿ ಕಾಯದೆ ಹೊರಟುಹೋದವರು.

ಕೊನೆಗೆ ಲಕೋಟೆಯನ್ನೇ ಜೇಬಿನಲ್ಲಿಟ್ಟುಕೊಂಡು ಪತ್ರಾಗಾರಕ್ಕೆ ಹೋದೆ. ಅಲ್ಲಿನ ಅಧಿಕಾರಿಣಿ ನನ್ನ ವಂಶಪ್ರವರವನ್ನು ಪೂರ್ತಿ ಕೇಳಿಸಿಕೊಂಡರು, ಅದು ಅವರ ಸೌಜನ್ಯ. ಆಮೇಲೆ, "ಇಲ್ಲಿ ಕಾಗದಗಳು ಮನೆತನದ ಹೆಸರಿನಲ್ಲಿ ಇರುವುದಿಲ್ಲ ಸಾರ್, ಅವನ್ನು ಬರೆದ ಅಥವಾ ಪಡೆದ ಕಚೇರಿಯ ಹೆಸರಿನಲ್ಲಿ ಇರುತ್ತವೆ" ಎಂದರು. 1841ರಲ್ಲಿ ಫ್ರಾನ್ಸಿನಲ್ಲಿ ಹೊರಟ ಒಂದು ಸುತ್ತೋಲೆಯಿಂದ ಪತ್ರಾಗಾರಗಳಲ್ಲಿ ಬೇರೂರಿದ ನಿಯಮವಂತೆ ಅದು: ಒಂದು ಮೂಲದಿಂದ ಬಂದ ಕಾಗದಗಳನ್ನು ಒಟ್ಟಿಗೇ ಇಡಬೇಕು, ವಿಷಯದ ಪ್ರಕಾರವೋ ಹೆಸರಿನ ಪ್ರಕಾರವೋ ಕಲಸಬಾರದು. ತಿಂಗಳುಗಟ್ಟಲೆ ನಾನು ಹುಡುಕಿದ್ದು ಲಕೋಟೆಯ ನಡುವಿನ ಹೆಸರನ್ನು, ಹುಡುಕಬೇಕಾಗಿದ್ದುದು ಅದರ ಮೂಲೆಯ ಮುದ್ರೆಯನ್ನು. ಆ ವಿಭಾಗದ ಒಳಬಂದ ಪತ್ರಗಳ ಕಡತ ಬೇಕೆಂದು ಚೀಟಿ ತುಂಬಿಸಿದೆ, ಅಡ್ಡಹೆಸರು ಮೊದಲು, ಇನಿಷಿಯಲ್ ಆಮೇಲೆ. ಮುಚ್ಚುವ ಹೊತ್ತಾಗಿದೆ, ಉಗ್ರಾಣದಿಂದ ತರಿಸಬೇಕು, ನಾಳೆ ಬನ್ನಿ ಎಂದರು.

ನಾಳೆ ಎನ್ನುವುದು ಆರು ದಿನವಾಯಿತು. ಏಳನೆಯ ದಿನ ಹೋದಾಗ ಕೌಂಟರಿನಲ್ಲಿ ಹೊಸ ಹುಡುಗನಿದ್ದ. ಹಳೆಯ ಚೀಟಿಯ ನೆನಪೇ ಇಲ್ಲದೆ ಹೊಸದೊಂದನ್ನು ತುಂಬಿಸಿ ಕೊಟ್ಟೆ. ಅವನು ರಿಜಿಸ್ಟರು ತಿರುವಿ, "ಆ ಕಡತ ಬೇರೊಬ್ಬರು ಕಾಯ್ದಿರಿಸಿದ್ದಾರೆ ಸಾರ್" ಎಂದ. ಯಾರು ಎಂದು ಕೇಳಿದೆ. ಅವನು ಓದಿದ್ದು ನಮ್ಮ ಅಡ್ಡಹೆಸರನ್ನು!

ನನ್ನ ಎದೆ ಧಸಕ್ಕೆಂದಿತು. ಹಾಗಾದರೆ ದೊಡ್ಡಜ್ಜನ ಹಿಂದೆ ಬಿದ್ದ ಇನ್ನೊಬ್ಬನಿದ್ದಾನೆ. ನಮ್ಮವನೇ, ಯಾವುದೋ ಕವಲಿನವನು, ನಾನು ದಂತವೈದ್ಯರ ಜೊತೆ ಕಾಲಹರಣ ಮಾಡುತ್ತಿದ್ದಾಗ ನೇರವಾಗಿ ಕಡತಕ್ಕೇ ಕೈ ಹಾಕಿದ್ದಾನೆ. ರಿಜಿಸ್ಟರನ್ನು ನನ್ನತ್ತ ತಿರುಗಿಸಿಕೊಂಡು ಅದರಲ್ಲಿ ಸಿಕ್ಕಿಸಿದ್ದ ಅವನ ಚೀಟಿಯನ್ನು ನೋಡಿದೆ. ಪೆನ್ಸಿಲಿನ ಬರಹ, ಒತ್ತಕ್ಷರಗಳು ಸಾಲು ಬಿಟ್ಟು ಕೆಳಗಿನ ಮನೆಗೆ ಇಳಿದಿದ್ದವು, ಕೊಂಬುಗಳಿಗೂ ಕಾಲುಗಳಿಗೂ ವ್ಯತ್ಯಾಸವಿರಲಿಲ್ಲ. ಇಂಥ ಅಕ್ಷರದವನು ಅದೆಂಥ ಸಂಶೋಧನೆ ಮಾಡಿಯಾನು ಎಂದು ಹುಡುಗನಿಗೆ ಕೇಳಿಸುವಂತೆಯೇ ಹೇಳಿದೆ. ಬಂದರೆ ನನ್ನನ್ನು ಭೇಟಿಯಾಗಲು ಹೇಳು ಎಂದು ಫೋನ್ ನಂಬರನ್ನೂ ಕೊಟ್ಟು ಬಂದೆ. ಎರಡು ದಿನ ಕಾದೆ. ಮೂರನೆಯ ದಿನ ಬೆಳಿಗ್ಗೆ ಓದುಕೋಣೆಯ ಬಾಗಿಲಿಗೆ ಮುಖಮಾಡಿ ಕೂತು, ಒಳಬಂದ ಒಬ್ಬೊಬ್ಬರ ಮೂಗನ್ನೂ ನಮ್ಮ ಮನೆತನದ ಮೂಗಿಗೆ ಹೋಲಿಸಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಆ ಅಧಿಕಾರಿಣಿ ಬಂದವರೇ, "ಏನು ಸಾರ್, ನಿಮ್ಮ ಕಡತ ಹತ್ತು ದಿನದಿಂದ ಕಪಾಟಿನಲ್ಲೇ ಇದೆ, ನೋಡುವುದಿಲ್ಲವೇ?" ಎಂದರು. ನನ್ನ ಎರಡೂ ಚೀಟಿಗಳನ್ನು ಅವರು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಒತ್ತಕ್ಷರಗಳು ಎರಡರಲ್ಲೂ ಒಂದೇ ಕೋನದಲ್ಲಿ ಜಾರಿದ್ದವು. ಹುಡುಗ ಮುಖ ಆಚೆ ತಿರುಗಿಸಿ ನಿಂತಿದ್ದ, ಅವನ ಭುಜ ಮಾತ್ರ ಅಲುಗುತ್ತಿತ್ತು.

ಕಡತದಲ್ಲಿ ದೊಡ್ಡಜ್ಜನ ಪತ್ರ ಸಿಕ್ಕಿತು. ಒಂದೇ ಒಂದು, ಸಹಿಯೂ ಅವರದೇ, ಒಕ್ಕಣೆ ಬಹಳ ಬಿಗಿಯಾದದ್ದು. ತಮ್ಮದೇ ಅಡ್ಡಹೆಸರೂ ಇನಿಷಿಯಲ್ಲೂ ಇರುವ ಯಾರೋ ಸಂಶೋಧಕರಿಗೆ ಹೋಗಬೇಕಾದ ಪತ್ರಗಳು ವಾರವಾರವೂ ತಮ್ಮ ವಿಳಾಸಕ್ಕೆ ಬರುತ್ತಿವೆಯೆಂದೂ, ತಾವು ಅವರಲ್ಲವೆಂದೂ, ಅವರು ಯಾರೆಂಬುದೂ ತಮಗೆ ಗೊತ್ತಿಲ್ಲವೆಂದೂ, ಲಕೋಟೆಯೊಳಗಿನ ಕಾಗದಗಳನ್ನೆಲ್ಲ ಇದುವರೆಗೆ ತಮ್ಮ ಖರ್ಚಿನಲ್ಲೇ ಹಿಂದಿರುಗಿಸುತ್ತ ಬಂದಿರುವುದರಿಂದ ಅಂಚೆವೆಚ್ಚವನ್ನು ಕೂಡಲೇ ಪಾವತಿಸಬೇಕೆಂದೂ ಬರೆದಿದ್ದರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಹಿಂದಿನ ಪತ್ರ ನೋಡಿ" ಎಂಬ ಟಿಪ್ಪಣಿ ಇತ್ತು. ಹಿಂದಿನ ಪತ್ರ ಕಡತದಲ್ಲಿರಲಿಲ್ಲ.

ಅನುಮತಿ ಪಡೆದು ಪತ್ರದ ಫೋಟೋ ತೆಗೆದುಕೊಂಡು ಹೋಗಿ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಸಹಿಯನ್ನು ಬಹಳ ಹೊತ್ತು ನೋಡಿದರು. ಬೇಸರವಾಗಿರಬೇಕು ಎಂದುಕೊಂಡು ನಾನು ಸಮಾಧಾನದ ಮಾತು ಹುಡುಕುತ್ತಿರುವಾಗ ಕೇಳಿದರು:

"ಹಾಗಾದರೆ ಆ ಇನ್ನೊಬ್ಬರು ನಮಗೆ ಏನಾಗಬೇಕು?"