ರಾತ್ರಿಯೂ ಕರೆಂಟ್ ಕೊಡುವ ಸೋಲಾರ್: ಆ ಮೆಸೇಜ್ ತಪ್ಪು

"ಪೆರೊವ್‌ಸ್ಕೈಟ್ ಸೋಲಾರ್ ಬಂದಿದೆ, ಮಳೆಗಾಲದ ರಾತ್ರಿಯಲ್ಲೂ ಕರೆಂಟ್ ಕೊಡುತ್ತದೆ, ಬ್ಯಾಟರಿ ಬೇಡ" ಎಂಬ ಮೆಸೇಜ್ ಮಡಿಕೇರಿ, ವಿರಾಜಪೇಟೆ ಕಡೆಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಪೆರೊವ್‌ಸ್ಕೈಟ್ ಅಂದರೆ ಬೆಳಕಿನಿಂದ ಕರೆಂಟ್ ಮಾಡಬಲ್ಲ ಒಂದು ಬಗೆಯ ಹರಳಿನ ವಸ್ತು. ಅದರ ಸಂಶೋಧನೆ ನಿಜ. 2009ರಲ್ಲಿ ಜಪಾನಿನ ಟೋಯಿನ್ ವಿಶ್ವವಿದ್ಯಾಲಯದ ಮಿಯಾಸಾಕಾ ತಂಡದ ಈ ಬಗೆಯ ಸೋಲಾರ್ ಕೋಶ ಬಿಸಿಲಿನ ಶೇ 3.8ರಷ್ಟನ್ನು ಮಾತ್ರ ಕರೆಂಟ್ ಮಾಡಿತ್ತು. ಈಗ ಸಾಮಾನ್ಯ ಸೋಲಾರ್ ಪ್ಯಾನೆಲ್‌ನ ವಸ್ತುವಾದ ಸಿಲಿಕಾನ್ ಜೊತೆ ಸೇರಿಸಿದ ಕೋಶಗಳು ಲ್ಯಾಬ್‌ನಲ್ಲಿ ಶೇ 33 ದಾಟಿವೆ. ದೊಡ್ಡ ಸಾಧನೆಯೇ. ಆದರೆ ಬೆಳಕಿಲ್ಲದೆ ಇದೂ ಕೆಲಸ ಮಾಡುವುದಿಲ್ಲ. ಮೋಡ ಕವಿದರೆ ಕರೆಂಟ್ ತುಂಬಾ ಕಡಿಮೆ. ಮೇಲಾಗಿ ತೇವ ತಾಗಿದರೆ ಈ ವಸ್ತು ಹಾಳಾಗುತ್ತದೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ತೇವವೇ ಜಾಸ್ತಿ ಅಲ್ವಾ? ತೇವದಿಂದ ಕಾಪಾಡುವ ದಾರಿಯನ್ನು ಸಂಶೋಧಕರು ಇನ್ನೂ ಹುಡುಕುತ್ತಿದ್ದಾರೆ.

ತೋಟದ ಮನೆಯ ಬ್ಯಾಟರಿ ತೆಗೆಸಬೇಡಿ. ಆ ಮೆಸೇಜನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.